ಸೀಸೆಯ ಮೇಲಿನ ಆ್ಯಸಿಡ್

ಶಹಾಬಾದ, ೨೧ ನವೆಂಬರ್ ೧೯೭೯, ಬುಧವಾರ

ಹೆಂಡತಿ ಭೀಮಬಾಯಿಯ ಮುಖ ನೋಡಲು ನಾಚಿಕೆ. ನರ ಶಾಂತವಾಗಿ ನಿದ್ದೆ ಬರಲೆಂದು ಡಾಕ್ಟರು ಕೊಟ್ಟ ಅಮೈನೊ ಆ್ಯಸಿಡ್ ಗುಳಿಗೆಗಳ ಸೀಸೆಯನ್ನು, ತಲೆ ಕೆಟ್ಟಿದೆ ಅಂದಾಳೆಂದು, ಅವಳಿಗೆ ಹೇಳದೆ ಬಚ್ಚಿಟ್ಟಿದ್ದೆ. ಇವತ್ತು ಸೀಸೆ ಇರಲಿಲ್ಲ. ರೇಗಾಡಿದೆ. ಭೀಮಬಾಯಿ ಅತ್ತುಬಿಟ್ಟಳು.

"ಬಚ್ಚಲಕ್ಕ ಚೆಲ್ಲೀನ್ರಿ. ನನಗ ಓದಾಕ ಬರಂಗಿಲ್ಲ ಖರೆ. ಬುತ್ತಿ ತಂದಾಗ ನಿಮ್ಮ ಕಾರ್ಖಾನ್ಯಾಗ ಫರ್ಸಿ ಕಲ್ಲು ತೊಳಿಯೋ ಆ್ಯಸಿಡ್ ಡ್ರಮ್ಮಿನ ಮ್ಯಾಲ ನೋಡಿದ ಅಕ್ಷರಾನೇ ಸೀಸೆ ಮ್ಯಾಲ ಇದ್ವು. ಜೀವಾ ಕಳಕೋತೀರಂತ ಭಾಳ ಅಂಜಿ, ರಾತ್ರಿ ಎಲ್ಲಾ ನಿಮ್ಮ ಉಸಿರು ನೋಡ್ಕೋತ ಕುಂದರತಿದ್ದೆ."

ಗುಳಿಗೆ ಎಂಥ ನಿದ್ದೆ ಕೊಟ್ಟಿತೆಂದು ನಾನು ಹಿಗ್ಗುತ್ತಿದ್ದೆ. ಅವಳ ಕಣ್ಣು ಕೆಂಪಾದದ್ದು ಒಲೆಯ ಹೊಗೆಗೆ ಎಂದುಕೊಂಡಿದ್ದೆ. ಈಗ ನನ್ನ ಅಂಗಿಯ ಚುಂಗು ಹಿಡಿದೇ ಮಲಗಿದ್ದಾಳೆ. ದೀಪ ಆರಿಸಲು ಎದ್ದರೆ ಅವಳಿಗೆ ಎಚ್ಚರವಾದೀತು.