ತಾಯಿಯ ಸಹಿಗೆ ಜಾಗವಿಲ್ಲದ ಅರ್ಜಿ

ಫುಟ್‌ಬಾಲ್ ಮಂಡಳಿಯಲ್ಲಿ ಆಟಗಾರರ ವರ್ಗಾವಣೆಗೆ ಅನುಮತಿ ಕೊಡುವ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ನಿಮ್ಮ ಅರ್ಜಿಯ ಎರಡನೇ ಪುಟದ ಕೊನೆಯ ಸಾಲಿನಿಂದಾಗಿ ನಾನು ಅರ್ಧ ವರ್ಷ ಆಡದೆ ಕುಳಿತೆ. ಹೊರದೇಶದ ಕ್ಲಬ್ಬಿಗೆ ಹೋಗುವ ಆಟಗಾರ್ತಿಗೆ 'ತಂದೆ ಅಥವಾ ಪತಿಯ ಒಪ್ಪಿಗೆ ಸಹಿ' ಬೇಕೆನ್ನುವ ಸಾಲು ಅದು. ಆಗ ನನಗೆ ಇಪ್ಪತ್ತಾರು ವರ್ಷ. ರಾಷ್ಟ್ರೀಯ ತಂಡಕ್ಕಾಗಿ ನಲವತ್ತೊಂದು ಪಂದ್ಯ ಆಡಿದ್ದೆ. ಅಷ್ಟೂ ಪಂದ್ಯಗಳಲ್ಲಿ ಒಮ್ಮೆಯಾದರೂ ನಿಮ್ಮ ಮಂಡಳಿ ನನ್ನ ಅಪ್ಪ ಎಲ್ಲಿದ್ದಾನೆಂದು ವಿಚಾರಿಸಿತ್ತೇ? ದೇಶಕ್ಕಾಗಿ ಆಡುವಾಗ ನಾನು ದೊಡ್ಡವಳು. ಹೊಟ್ಟೆಪಾಡಿಗಾಗಿ ಆಡಲು ಹೊರಟ ಕೂಡಲೇ ಮಗುವಾಗಿಬಿಟ್ಟೆನೇ? ಅದೇ ತಿಂಗಳು ಪುರುಷರ ತಂಡದ ಇಪ್ಪತ್ತು ವರ್ಷದ ಗೋಲ್‌ಕೀಪರ್ ಕೂಡ ಹೊರದೇಶಕ್ಕೆ ಹೋದ. ಅವನ ಅನುಮತಿ ನಾಲ್ಕೇ ದಿನದಲ್ಲಿ ಬಂತು. ಅವನ ಅರ್ಜಿಗೆ ಎರಡನೇ ಪುಟವೇ ಇರಲಿಲ್ಲವಂತೆ.

ನನಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ಮನೆ ಬಿಟ್ಟು ಹೋದ. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಇವತ್ತಿಗೂ ಅಲ್ಲೇ ಇದ್ದಾಳೆ, ಬಿಸಿನೀರಿಗೆ ಅಂಗೈ ಸಿಪ್ಪೆ ಏಳುತ್ತಲೇ ಇರುತ್ತದೆ. ನನ್ನ ಶಾಲೆಯ ಅಂಕಪಟ್ಟಿಗೆಲ್ಲ ಅವಳದೇ ಸಹಿ. ಹದಿನೇಳರಲ್ಲಿ ನನ್ನ ಮೊಣಕಾಲಿನ ಆಪರೇಷನ್‌ಗೂ ಅವಳದೇ ಸಹಿ. ಕಾಲು ಕೊಯ್ಯಲು ಸಾಕಾದ ಸಹಿ, ಅದೇ ಕಾಲಿನಲ್ಲಿ ಚೆಂಡು ಒದೆಯಲು ನಿಮಗೆ ಸಾಲಲಿಲ್ಲ.

ನಾನಾಗಲೇ ಕ್ಲಬ್ಬಿನ ಊರಿಗೆ ಬಂದು ಅಭ್ಯಾಸ ಶುರುಮಾಡಿದ್ದೆ. ಆದ್ದರಿಂದ ಅರ್ಜಿ ಹಿಡಿದು ನಿಮ್ಮ ಕಚೇರಿಗೆ ಹೋದವಳು ಅಮ್ಮ. ಅಲ್ಲಿ ನಡೆದದ್ದನ್ನು ಫೋನಿನಲ್ಲಿ ಅವಳೇ ಹೇಳಿದಳು. ನಿಮ್ಮ ಗುಮಾಸ್ತರು ಹಾಳೆ ತಿರುವಿ, "ತಂದೆ ಸಹಿ ಎಲ್ಲಿ?" ಎಂದರಂತೆ.

"ಅವರು ಮನೇಲಿಲ್ಲದೆ ಹದಿನೇಳು ವರ್ಷ ಆಯ್ತು ಸಾರ್. ನಾನೇ ಹಾಕಿದೀನಿ."

"ತಾಯಿ ಸಹಿಗೆ ಇದರಲ್ಲಿ ಜಾಗ ಇಲ್ಲಮ್ಮ."

"ಇದೆಯಲ್ಲ ಸಾರ್, ಕೆಳಗೆ ಇಷ್ಟಗಲ ಖಾಲಿ ಬಿಟ್ಟಿದೀರಿ."

ಗುಮಾಸ್ತರು ನಕ್ಕು ಅವಳನ್ನು ನಿಮ್ಮ ಕೋಣೆಗೆ ಕಳಿಸಿದರು. ನೆನಪಿದೆಯೇ? ಹೆಣ್ಣುಮಕ್ಕಳ ಸುರಕ್ಷತೆಗಾಗಿಯೇ ಈ ನಿಯಮ ಎಂದಿರಿ. ಆಮೇಲೆ, "ಮದುವೆ ಮಾಡಿಬಿಟ್ಟಿದ್ರೆ ಇಷ್ಟೆಲ್ಲ ತಾಪತ್ರಯ ಇರ್ತಿರಲಿಲ್ಲ" ಎಂದಿರಿ. ಅಮ್ಮ ಮೂರು ಸಲ ಬಂದಳು. ಮೂರು ಸಲವೂ ಅರ್ಧ ದಿನದ ರಜೆ ಹಾಕಿ ಬಂದಿದ್ದಳು.

ಇತ್ತ ನನ್ನ ಪಾಡು ಹೇಳುತ್ತೇನೆ. ವಾರವಿಡೀ ಎಲ್ಲರ ಜೊತೆ ಓಡುವುದು, ಒದೆಯುವುದು, ಬೆವರುವುದು. ಪಂದ್ಯದ ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಹನ್ನೊಂದು ಜನ ಬೂಟು ಕಟ್ಟುತ್ತಿದ್ದರೆ ನಾನು ಚಪ್ಪಲಿಯಲ್ಲಿ ನಿಂತು ನೀರಿನ ಬಾಟಲಿ ತುಂಬುತ್ತಿದ್ದೆ. ಆಮೇಲೆ ಪ್ರೇಕ್ಷಕರ ನಡುವೆ ಹೋಗಿ ಕೂರುತ್ತಿದ್ದೆ. ಎಡಬದಿಯಿಂದ ಎದುರಾಳಿ ನುಗ್ಗಿದಾಗಲೆಲ್ಲ ನನ್ನ ಕಾಲು ತಾನಾಗಿ ಮುಂದಕ್ಕೆ ಚಾಚಿ, ಮುಂದಿನ ಸಾಲಿನವರ ಬೆನ್ನಿಗೆ ತಾಗುತ್ತಿತ್ತು. ಕೋಚ್ ದಿನಾ ಬೆಳಿಗ್ಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು: ಪತ್ರ ಬಂತೇ? ಅಪ್ಪನ ಸಹಿಗಾಗಿ ಕಾಯುತ್ತಿದ್ದೇನೆಂದು ಹೇಳಲು ನಾಚಿಕೆಯಾಗಿ, ಪೋಸ್ಟ್ ತಡವಾಗಿದೆ ಎಂದು ಸುಳ್ಳು ಹೇಳಿದೆ.

ಆ ಋತುವಿನ ಪಂದ್ಯಗಳಿಗೆ ಕ್ಲಬ್ಬು ನನ್ನ ಹೆಸರು ನೋಂದಾಯಿಸಲು ಹತ್ತು ದಿನ ಉಳಿದಿತ್ತು. ಅಮ್ಮ ನನಗೆ ತಿಳಿಸದೆ ಬಸ್ಸು ಹತ್ತಿದಳು. ಅಪ್ಪ ಬೇರೆ ಊರಿನ ಗೋದಾಮಿನಲ್ಲಿ ಕಾವಲಿಗಿದ್ದಾನೆಂದು ಯಾರಿಂದಲೋ ತಿಳಿದುಕೊಂಡಿದ್ದಳು. ಯಾರ ಮುಖ ಮತ್ತೆ ನೋಡುವುದಿಲ್ಲವೆಂದು ಹದಿನೇಳು ವರ್ಷ ಗಟ್ಟಿಯಾಗಿ ಇದ್ದಳೋ ಅವನ ಮುಂದೆ, ಗೋದಾಮಿನ ಗೇಟಿನಲ್ಲಿ, ಅರ್ಜಿ ಚಾಚಿ ನಿಂತಳು. ಅಪ್ಪ ಅದನ್ನು ಎರಡು ಸಲ ಓದಿದನಂತೆ. ಮಗಳು ಹೇಗಿದ್ದಾಳೆ, ಯಾವ ಆಟ ಆಡುತ್ತಾಳೆ, ಏನೂ ಕೇಳಲಿಲ್ಲ.

"ಇದಕ್ಕೆ ಸಹಿ ಹಾಕಿದ್ರೆ ನನ್ನ ಮೇಲೆ ಏನೂ ಬರಲ್ಲ ತಾನೆ?"

"ಇಷ್ಟು ವರ್ಷ ನಿಮ್ಮ ಮೇಲೆ ಏನೂ ಬಂದಿಲ್ಲ. ಇನ್ಮೇಲೂ ಬರಲ್ಲ, ಹಾಕಿ" ಎಂದಳು ಅಮ್ಮ.

ವಿಷಯ ತಿಳಿದಾಗ ನಾನು ಫೋನಿನಲ್ಲಿ ಕೂಗಾಡಿದೆ. "ಯಾಕಮ್ಮ ಹೋದೆ ಅಲ್ಲಿಗೆ? ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ಬೇಡ ಅಂತಿದ್ದೆ. ನೀನು ಅಲ್ಲಿ ಕೂತು ಬೇರೆಯವರ ಆಟ ನೋಡ್ತಿದ್ರೆ ಇಲ್ಲಿ ನನಗೆ ಕೈಕಾಲು ಆಡಲ್ಲ ಕಣೇ."

ಹೀಗೆ ತಂದ ಸಹಿ ನಿಮ್ಮ ಮೇಜಿನ ಮೇಲೆ ಎಂಟು ದಿನ ಬಿದ್ದಿತ್ತು. ನೀವು ಸಮ್ಮೇಳನವೊಂದಕ್ಕೆ ಹೋಗಿದ್ದಿರಿ. ವಿಷಯ, ಮಹಿಳಾ ಕ್ರೀಡೆಗೆ ಉತ್ತೇಜನ. ಅನುಮತಿ ಪತ್ರ ಕ್ಲಬ್ಬಿಗೆ ತಲುಪುವ ಹಿಂದಿನ ದಿನವೇ ನೋಂದಣಿ ಮುಗಿದಿತ್ತು. ನನ್ನ ಜಾಗಕ್ಕೆ ಬೇರೊಬ್ಬಳನ್ನು ತಂದರು, ಚೆನ್ನಾಗಿ ಆಡಿದಳು, ಅವಳ ಮೇಲೆ ನನಗೆ ಸಿಟ್ಟಿಲ್ಲ. ಆರು ತಿಂಗಳ ನಂತರ ನೋಂದಣಿ ಮತ್ತೆ ತೆರೆದು ನನ್ನ ಹೆಸರು ಸೇರಿತಾದರೂ, ಆ ಇಡೀ ವರ್ಷದಲ್ಲಿ ನಾನು ಮೈದಾನದಲ್ಲಿದ್ದದ್ದು ಮೂವತ್ತನಾಲ್ಕು ನಿಮಿಷ. ಒಪ್ಪಂದ ಮುಂದುವರಿಯಲಿಲ್ಲ. ಈಗ ಎರಡನೇ ದರ್ಜೆಯ ಕ್ಲಬ್ಬೊಂದರಲ್ಲಿದ್ದೇನೆ. ಬೆಳಿಗ್ಗೆ ಬ್ರೆಡ್ ಕಾರ್ಖಾನೆಯಲ್ಲಿ ಪ್ಯಾಕಿಂಗ್, ಸಂಜೆ ಅಭ್ಯಾಸ. ಆಡುತ್ತಿದ್ದೇನೆ, ಅಷ್ಟು ಸಾಕೆಂದು ದಿನಾ ಹೇಳಿಕೊಳ್ಳುತ್ತೇನೆ. ಮನಸ್ಸು ಒಪ್ಪುವುದಿಲ್ಲ. ನಿಮ್ಮ ಕಚೇರಿಯ ಮೆಟ್ಟಿಲ ಗೋಡೆಯಲ್ಲಿ ಮಾತ್ರ ನನ್ನ ಆಳೆತ್ತರದ ಚಿತ್ರವಿದೆಯಂತೆ: 'ವಿದೇಶದಲ್ಲಿ ಮಿಂಚುತ್ತಿರುವ ನಮ್ಮ ಮಗಳು'. ಅಪ್ಪಂದಿರ ಸಂಖ್ಯೆ ಹೆಚ್ಚುತ್ತಿದೆ, ಸ್ವಾಮಿ.

ನನ್ನ ಪಾಲಿನದು ಮುಗಿಯಿತೆಂದು ಸುಮ್ಮನಿದ್ದೆ. ಹೋದ ವಾರ ನಮ್ಮ ರಾಷ್ಟ್ರೀಯ ತಂಡದ ಮಿಡ್‌ಫೀಲ್ಡರ್ ಫೋನ್ ಮಾಡಿದಳು. ಇಪ್ಪತ್ತೊಂದು ವರ್ಷದವಳು, ನನಗಿಂತ ಎಷ್ಟೋ ಒಳ್ಳೆಯ ಆಟಗಾರ್ತಿ. "ಅಕ್ಕಾ, ಹೊರದೇಶದ ಕ್ಲಬ್ಬಿನವರು ಕರೆದಿದ್ದಾರೆ. ಅಪ್ಪ ಸಹಿ ಹಾಕಲ್ಲ ಅಂತಾರೆ. ಮದುವೆ ಮಾಡ್ಕೋ, ಗಂಡ ಹಾಕ್ತಾನೆ ಅಂತಾರೆ" ಎಂದಳು. ನಿನ್ನ ಸಹಿಯನ್ನೇ ಹಾಕಿ ಕಳಿಸು ಎಂದೆ.

ನನಗೆ ಪರಿಹಾರ ಬೇಡ, ಕ್ಷಮೆಯೂ ಬೇಡ. ಅವಳ ಅರ್ಜಿ ಈಗ ನಿಮ್ಮ ಮುಂದಿದೆ, ಅದರಲ್ಲಿ ಅವಳ ಸಹಿ ಇದೆ. ಆ ಸಹಿ ಸಾಕೆಂದು ಬರೆದು ಅನುಮತಿ ಕೊಡಿ. ಆ ಸಾಲನ್ನು ಅರ್ಜಿಯಿಂದಲೇ ತೆಗೆದುಹಾಕಿ. ಅವಳ ನೋಂದಣಿಗೆ ಇನ್ನು ಹದಿನೆಂಟು ದಿನಗಳಿವೆ. ದಯವಿಟ್ಟು ಈ ಹದಿನೆಂಟು ದಿನ ಯಾವ ಸಮ್ಮೇಳನಕ್ಕೂ ಹೋಗಬೇಡಿ.

ಇಂತಿ,
ಯಾರ ಒಪ್ಪಿಗೆಯನ್ನೂ ಪಡೆಯದೆ ಈ ಪತ್ರಕ್ಕೆ ತಾನೇ ಸಹಿ ಹಾಕಿರುವ,
ಎಡಬದಿಯ ಡಿಫೆಂಡರ್