ತೊಟ್ಟಿಯಲ್ಲೇ ಕಲ್ಲಾದ ಗಾರೆ

ಪ್ಯಾರಿಸ್, 12 ಮೇ 1861, ಭಾನುವಾರ

ನನ್ನನ್ನು ನಿಲ್ಲಿಸಿ ಬರೆದ ಆ ಚಿತ್ರವನ್ನು ಇವತ್ತು ಪ್ರದರ್ಶನದಲ್ಲಿ ನೋಡಿ ಬಂದೆ. ಹೊಸ ಬೀದಿಯ ಅಟ್ಟಣಿಗೆಯ ಮೇಲೆ ಕರಣೆ ಎತ್ತಿ ನಿಂತವನು ನಾನೇ. "ಆಹಾ, ಎಂಥ ಕೆಲಸಗಾರ ನೋಡ್ರೀ!" ಎಂದು ಒಬ್ಬಾಕೆ ಗಂಡನಿಗೆ ತೋರಿಸುತ್ತಿದ್ದಳು.

ಅದನ್ನು ಬರೆದ ಹೊತ್ತು ನಾನು ಕೆಲಸವನ್ನೇ ಮಾಡುತ್ತಿರಲಿಲ್ಲ. "ಯಜಮಾನ್ರೇ, ಹಾಗೇ ಇರಿ, ಅಲ್ಲಾಡ್ಬೇಡಿ" ಎಂದಿದ್ದ ಚಿತ್ರಗಾರ. ನಾನು ಮದುಮಗನಂತೆ ನಿಂತೆ. ಸುಣ್ಣದ ಗಾರೆಯಂತೆ ನಮ್ಮ ಈ ಪ್ಯಾರಿಸ್ ಗಾರೆ ಕಾಯುತ್ತದೆಯೇ? ಕಾಲು ಗಂಟೆಯಲ್ಲಿ ತೊಟ್ಟಿಯಲ್ಲೇ ಕಲ್ಲಾಯಿತು. ಅದನ್ನು ಕಲಸಿ ಕೊಟ್ಟವನು ತಂಗಿಯ ಗಂಡ ಸಿಲ್ವೆನ್. ಮೇಸ್ತ್ರಿ ಅವನ ಮೇಲೆ ಎಗರಿದ: "ಗಾರೆ ಕಲಸಿದ್ಯೇನೋ, ಗೋರಿ ಕಟ್ಟಿದ್ಯೇನೋ? ನಡಿ ಊರಿಗೆ!" ಸಿಲ್ವೆನ್ ನನ್ನ ಮುಖ ನೋಡಿದ. ಚಿತ್ರಗಾರ ಇನ್ನೂ ಬರೆಯುತ್ತಿದ್ದ. ನಾನು ಅಲ್ಲಾಡಲಿಲ್ಲ.

ಸಿಲ್ವೆನ್ ನಿಂತಿದ್ದ ಜಾಗಕ್ಕೆ ಚಿತ್ರದಲ್ಲಿ ಈಗ ಆಕಾಶ ಬಳಿದಿದ್ದಾನೆ. ಬಲು ಚೆಂದದ ನೀಲಿ.

ತಂಗಿಯ ಕಾಗದ ಬಂದು ತಿಂಗಳಾಯಿತು. "ಅಣ್ಣಾ, ಇವ್ರಿಗೆ ಗಾರೆ ಕಲಸಕ್ಕೂ ಬರಲ್ಲ ಅಂತ ಊರೆಲ್ಲಾ ಆಡ್ಕೊಳ್ತಿದೆ. ಯಾರೂ ಕೆಲಸಕ್ಕೆ ಕರೀತಿಲ್ಲ. ನಿಜಾನಾ?" ಎಂದು ಬರೆಸಿದ್ದಾಳೆ. ಈಗ ಉತ್ತರಕ್ಕೆ ಕೂತು, 'ಗಾರೆ ಚೆನ್ನಾಗಿಯೇ ಇತ್ತು, ತಾಯಿ' ಎಂಬಲ್ಲಿಯವರೆಗೆ ಬರೆದಿದ್ದೇನೆ. ಇನ್ನೊಂದೇ ಸಾಲು ಸಾಕು, 'ತಪ್ಪು ನನ್ನದು' ಎಂದು. ಈ ದಿನಚರಿಯಲ್ಲಿ ಬರೆದದ್ದನ್ನು ಆ ಕಾಗದದಲ್ಲಿ ಬರೆಯಲು ಈ ಕೈಗೆ ಆಗುತ್ತಿಲ್ಲ; ಅಂದಿನಂತೆ ಇವತ್ತೂ ಅದು ಅಲ್ಲಾಡುತ್ತಿಲ್ಲ.