ಶೋಕೇಸಿನ ಕೆಂಪು ಕಾರು

ಬೈಲಹೊಂಗಲ,
ಸೋಮವಾರ

ಕಿತ್ತೂರಿನ ಗುರುಬಸವ್ವನವರಿಗೆ,

ಮೊನ್ನೆ ನಿಮ್ಮ ಮಗನಿಗೆಂದು ನೀವು ನೋಡಿ ಒಪ್ಪಿದ ಹುಡುಗಿ ದಾನೇಶ್ವರಿಯ ನಮಸ್ಕಾರ.

ನಿಶ್ಚಯದ ದಿನಕ್ಕೆ ಕಸೂತಿ ಹಾಕಿಕೊಡೆಂದು ನೀವು ಕಳಿಸಿದ ಕುಪ್ಪಸದ ಬಟ್ಟೆಯನ್ನು ಹಾಗೇ ಮರಳಿಸುತ್ತಿದ್ದೇನೆ. ನಮ್ಮ ಶೋಕೇಸಿನಲ್ಲಿ ನೀವು ಮೆಚ್ಚಿದ ಕಸೂತಿ ನನ್ನದಲ್ಲ, ಸಂಪಗಾಂವದ ಚಿಕ್ಕಮ್ಮನದು. ನನ್ನ ಕೈಕೆಲಸ ಅಂದು ಜೋಳದ ಚೀಲದ ಹಿಂದಿತ್ತು. "ಹೆಣ್ಣಹುಡುಗಿ ಕಾರ್ ಜೋಡಸ್ತಾಳ ಅಂದ್ರ ಬಂದ ಮಂದಿ ನಗತಾರ, ಒಳಗ ಇಡು" ಎಂದಿದ್ದಳು ಅವ್ವ.

ಅದು ಗೇಣುದ್ದದ ರೇಸ್ ಕಾರಿನ ಮಾದರಿ. ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬಂದ ಇನ್ನೂರ ಹದಿನಾಲ್ಕು ಭಾಗಗಳನ್ನು ಚಿಮಟದಲ್ಲಿ ಹಿಡಿದು, ಉಜ್ಜಿ, ಕೆಂಪು ಬಣ್ಣ ಬಳಿದು ಐದು ತಿಂಗಳಲ್ಲಿ ಜೋಡಿಸಿದ್ದೇನೆ. ಸ್ಟಿಯರಿಂಗ್ ತಿರುಗಿಸಿದರೆ ಮುಂದಿನ ಗಾಲಿಗಳು ಹೊರಳುತ್ತವೆ. ಕಸೂತಿ ದಾರವನ್ನು ನಾನು ಮುಟ್ಟಿದ್ದು ಒಮ್ಮೆ ಮಾತ್ರ, ಈ ಕಾರಿನ ಎಂಜಿನ್ನಿಗೆ ತಂತಿಯ ಬದಲು ಎಳೆಯಲು.

ನಿಮ್ಮ ಮಗನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ನಿಶ್ಚಯ ಮುಗಿಯೂತನಕಾ ನಮ್ಮವ್ವಗ ಹೇಳಬ್ಯಾಡ" ಎಂದರು. ಅದಕ್ಕೇ ನಿಮಗೇ ಬರೆಯುತ್ತಿದ್ದೇನೆ.

ಕಸೂತಿ ಚಿಕ್ಕಮ್ಮನ ಮನೆಗೆ ಹೋಯಿತು. ಕಾರನ್ನು ಶೋಕೇಸಿನಲ್ಲಿಟ್ಟು ಬೀಗ ಹಾಕಿದ್ದೇನೆ, ಕೀಲಿಕೈ ನನ್ನ ಬಳಿ ಇದೆ. ಶುಕ್ರವಾರ ನಿಶ್ಚಯಕ್ಕೆ ಬರುವುದಾದರೆ ನಿಮ್ಮ ಮನೆಯ ಶೋಕೇಸನ್ನು ಅಳೆದುಕೊಂಡು ಬನ್ನಿ. ಒಂದು ಗೇಣು ಜಾಗ ಬೇಕು, ಮುಂದಿನ ಸಾಲಿನಲ್ಲಿ.

ಕಸೂತಿ ಬಾರದ,
ದಾನೇಶ್ವರಿ